ಎಡತೋಳಿನ ವಾಸನೆ

"ನಿನ್ನ ಹುಳಕ್ಕೆ ವಾಸನೆ ಗೊತ್ತಾಗುತ್ತೋ ಇಲ್ವೋ? ಅಷ್ಟು ಹೇಳಕ್ಕಾ, ಸಾಕು. ಹೌದಾದ್ರೆ ಹೌದು, ಇಲ್ಲಾಂದ್ರೆ ಇಲ್ಲ."

"ಹುಳ ಅನ್ಬೇಡ. ಪತಂಗ ಅನ್ನು."

"ಆಯ್ತು, ಪತಂಗ. ಪತಂಗಕ್ಕೆ ವಾಸನೆ ಗೊತ್ತಾಗುತ್ತೋ ಇಲ್ವೋ?"

"ಅದು ಯಾವ ವಾಸನೆ ಅನ್ನೋದರ ಮೇಲಿದೆ ಪುಟ್ಟಾ."

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಅವನ ತಲೆಯಲ್ಲಿ ಅರ್ಧ ಕೂದಲು ನರೆತಿತ್ತು. ಠಾಣೆಯಲ್ಲಿ ಅವನ ಬೂಟಿನ ಸದ್ದು ಕೇಳಿದರೆ ಕುಳಿತವರು ಎದ್ದು ನಿಲ್ಲುತ್ತಿದ್ದರು. ಇಲ್ಲಿ ನೋಡಿದರೆ, ಕೀಟ ಪ್ರಯೋಗಾಲಯದ ಈ ಕೆಂಪು ದೀಪದ ಕೋಣೆಯಲ್ಲಿ, ಹೆಡ್ ಕಾನ್‌ಸ್ಟೇಬಲ್ ಎದುರಿಗೇ, ಇಲ್ಲಿ ಪತಂಗಗಳ ಮೇಲೆ ಸಂಶೋಧನೆ ಮಾಡುವ ಒಡಹುಟ್ಟಿದ ಅಕ್ಕ ಅವನನ್ನು ಪುಟ್ಟಾ ಎನ್ನುತ್ತಿದ್ದಳು.

ಹೆಡ್ ಕಾನ್‌ಸ್ಟೇಬಲ್ ಕರ್ಚೀಫನ್ನು ಮುಖಕ್ಕೆ ಒತ್ತಿಕೊಂಡ. ನಗು ಮುಚ್ಚಲು ಅವನಿಗೆ ಅದೊಂದು ಅನುಕೂಲ. ವರ್ಷದುದ್ದಕ್ಕೂ ಮೂಗು ಸುರಿಯುವ ಆಸಾಮಿ. ಠಾಣೆಯಲ್ಲಿ ಅವನ ಹೆಸರೇ ನೆಗಡಿ ಎಂದಾಗಿಬಿಟ್ಟಿತ್ತು. ವಾಸನೆಯ ಮೇಲೆ ನಿಂತ ಕೇಸಿಗೆ ಇಲಾಖೆ ಹುಡುಕಿ ಹುಡುಕಿ ಕೊಟ್ಟ ಸಹಾಯಕ ಇವನು!

ಹೋದ ವಾರದ ರಜೆಯ ಮಧ್ಯಾಹ್ನ ಇದೇ ಕಟ್ಟಡದ ತಣ್ಣನೆ ಕೋಣೆಯಲ್ಲಿ ಯಾರೋ ಪ್ರಯೋಗಾಲಯದ ನಿರ್ದೇಶಕರ ತಲೆಗೆ ಕಬ್ಬಿಣದ ಸ್ಟೂಲಿನಿಂದ ಹೊಡೆದಿದ್ದರು. ಅವರಿನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅವರ ತಮ್ಮನೂ ಒಬ್ಬ ಪೇದೆಯೂ ಹಗಲಿರುಳು ಪಕ್ಕದಲ್ಲಿ ಕಾಯುತ್ತಿದ್ದರು.

ಅವರ ಪಕ್ಕದಲ್ಲಿ ಒಂದು ಶೀಷೆ ಒಡೆದು ಬಿದ್ದಿತ್ತು. ಹಣ್ಣು ಕೊರೆಯುವ ಪತಂಗದ ಹೆಣ್ಣು ತನ್ನ ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ಬೇರೊಂದು ಪ್ರಯೋಗಾಲಯದವರು ಕಷ್ಟಪಟ್ಟು ತಯಾರಿಸಿ, ಆ ಶೀಷೆಗೆ ತುಂಬಿ ಕಳಿಸಿದ್ದರು. ತೋಟಗಳಲ್ಲಿ ಆ ವಾಸನೆ ಇಟ್ಟರೆ ಗಂಡುಗಳೆಲ್ಲ ಬಂದು ಬಲೆಗೆ ಬೀಳುತ್ತವಂತೆ. ಮನುಷ್ಯರ ಮೂಗಿಗೆ ಅದು ಬರೀ ನೀರು. ಆದರೆ ಮೈಗೋ ಬಟ್ಟೆಗೋ ತಾಗಿದರೆ ಸೋಪಿಗೂ ಜಗ್ಗುವುದಿಲ್ಲ.

ಹೊಡೆದವನ ಮೈಮೇಲೆ ಅದು ಸಿಡಿದಿರಲೇಬೇಕು, ಗಂಡು ಪತಂಗ ಬಿಟ್ಟರೆ ಅದನ್ನು ಹುಡುಕಿಕೊಂಡು ಹೋಗಲೇಬೇಕು. ಇಷ್ಟು ಸರಳವಾದ ವಿಷಯಕ್ಕೆ ಒಂದು ವಾರ ಹಿಡಿದಿತ್ತು. ಕಾರಣ, ಅಕ್ಕ.

"ಪತಂಗ ಅಂದ್ರೆ ಪೊಲೀಸ್ ನಾಯಿ ಅಲ್ಲ ಕಣೋ," ಎಂದು ಮೊದಲ ದಿನ ಅಂದಿದ್ದಳು. ಆಮೇಲೆ ಫ್ಯಾನು ಕೆಟ್ಟಿದೆ ಎಂದಳು. ಫ್ಯಾನು ರಿಪೇರಿಯಾಯಿತು. ಕೋಶದಿಂದ ಪತಂಗಗಳಿನ್ನೂ ಹೊರಗೆ ಬಂದಿಲ್ಲ ಎಂದಳು. ಬಂದವು. ಇನ್ನೂ ಎಳಸು, ಹೆಣ್ಣಿನ ಗೊಡವೆ ಅವಕ್ಕೆ ತಿಳಿಯುವುದಿಲ್ಲ ಎಂದಳು. ಅವು ಪ್ರಾಯಕ್ಕೆ ಬರುವ ತನಕ ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡು ಕಾದ. ಕೊನೆಗೆ ಮೇಲಧಿಕಾರಿಯಿಂದ ಲಿಖಿತ ಆದೇಶ ತಂದು ಸ್ವಂತ ಅಕ್ಕನ ಮೇಜಿನ ಮೇಲೆ ಇಡಬೇಕಾಯಿತು. ಚಿಕ್ಕಂದಿನಿಂದಲೂ ಅವಳದ್ದು ಇದೇ ವರಸೆ. ಯಾವುದಕ್ಕೂ ನೇರ ಉತ್ತರವಿಲ್ಲ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮೇಲಧಿಕಾರಿ.

"ಏನ್ರೀ, ಇನ್ನೂ ಚಿಟ್ಟೆ ಹಿಡೀತಾ ಇದ್ದೀರಾ?"

"ಪತಂಗ ಸಾರ್."

"ಏನಾದ್ರೂ ಆಗ್ಲಿ! ಬೀಗದ ಕೈ ಇದ್ದಿದ್ದು ಕಾವಲುಗಾರನ ಹತ್ರ. ಕೂಗಿಕೊಂಡಿದ್ದೂ ಅವನೇ. ಲಾಕಪ್ಪಲ್ಲಿ ಇದ್ದಾನೆ. ಸಂಜೆಯೊಳಗೆ ಅವನ ಮೇಲೆ ಕೇಸು ಹಾಕಿ ಮುಗಿಸಿ. ನನಗೂ ಮೇಲಿನವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ."

ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗೆ ತುರುಕಿದ. ಕಾವಲುಗಾರ ತಪ್ಪಿತಸ್ಥನಲ್ಲ ಎಂದು ಅವನ ಒಳಮನಸ್ಸು ಹೇಳುತ್ತಿತ್ತು. ಕಾವಲುಗಾರನ ಹೆಂಡತಿ ದಿನಾ ಬೆಳಗ್ಗೆ ಠಾಣೆಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಅಳುವುದಿಲ್ಲ, ಗೋಗರೆಯುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಅತ್ತಿದ್ದರೆ ಗದರಿಸಿಯಾದರೂ ಕಳಿಸಬಹುದಿತ್ತು.

"ಅಕ್ಕಾ, ಶುರು ಮಾಡು. ಇಲ್ಲಾಂದ್ರೆ ಒಬ್ಬ ಬಡಪಾಯಿ ಜೈಲಿಗೆ ಹೋಗ್ತಾನೆ."

ಅಕ್ಕ ಅವನನ್ನೊಮ್ಮೆ ನೋಡಿದಳು. ಮೂಗು ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಕಿವಿ ಮುಚ್ಚುವಂತೆ ಎಳೆದುಕೊಂಡ ಬಿಗಿಯಾದ ಟೋಪಿ. ಕಣ್ಣೆರಡು ಬಿಟ್ಟರೆ ಅವಳದೆನ್ನುವುದು ಏನೂ ಕಾಣುತ್ತಿರಲಿಲ್ಲ.

"ಕರೆಸು ಆ ಉಪನಿರ್ದೇಶಕನ್ನ," ಎಂದಳು.

*

ಅವನು ಬರುವುದಕ್ಕೆ ಮೊದಲೇ ಅವನ ವಾಸನೆ ಬಂತು. ಉಪನಿರ್ದೇಶಕ ಕಚೇರಿಗೆ ಕಾಲಿಟ್ಟರೆ ಮೆಟ್ಟಿಲ ಬುಡದಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಅಷ್ಟು ಸುಗಂಧ ಪೂಸಿಕೊಳ್ಳುತ್ತಿದ್ದ. ಬೆನ್ನ ಹಿಂದೆ ಎಲ್ಲರೂ ಅತ್ತರು ಎಂದೇ ಕರೆಯುತ್ತಿದ್ದರು. ನಿರ್ದೇಶಕರ ಕುರ್ಚಿಯ ಮೇಲೆ ಅವನಿಗೆ ಕಣ್ಣಿತ್ತೆಂಬುದು ಗುಟ್ಟೇನಲ್ಲ. ಹೊಡೆತ ಬೀಳುವ ಹಿಂದಿನ ದಿನ ಇಬ್ಬರೂ ಬಾಗಿಲು ತೆರೆದುಕೊಂಡೇ ಕೂಗಾಡಿದ್ದರು.

"ನನ್ನ ಕೋಟನ್ನ ಇಸ್ಕೊಂಡು ಹೋಗಿದ್ದೀರಿ. ನಾನು ಚಳೀಲಿ ಓಡಾಡ್ತಿದ್ದೀನಿ. ಇದು ಯಾವ ನ್ಯಾಯ ಸರ್?" ಎಂದ ಅತ್ತರು.

"ಸ್ವಲ್ಪ ತಡ್ಕೊಳ್ಳಿ ಸ್ವಾಮಿ. ಅದನ್ನೇ ನೋಡೋಣ ಅಂತ ಕರೆಸಿದ್ದು."

ಕೋಣೆಯ ನಡುವೆ ಉದ್ದನೆಯ ಗಾಜಿನ ಪೆಟ್ಟಿಗೆಯಿತ್ತು. ಒಬ್ಬ ಮನುಷ್ಯ ತೆವಳಿಕೊಂಡು ಹೋಗಬಹುದಾದಷ್ಟು ಅಗಲ. ಒಂದು ತುದಿಯಲ್ಲಿ ಫ್ಯಾನು, ಅದರ ಮುಂದೆ ತೂಗುಹಾಕಿದ ಅತ್ತರಿನ ಬೂದು ಕೋಟು. ಇನ್ನೊಂದು ತುದಿಯಲ್ಲಿ ಜಾಲರಿ ಪಂಜರಗಳು. ಹೊರಗೆ ಚಳಿಗಾಲದ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಈ ಕೋಣೆಯಲ್ಲಿ ಮಂದ ಕೆಂಪು ದೀಪವೊಂದೇ. ಪತಂಗಗಳಿಗೆ ದೀಪ ಹಾಕಿ ಆರಿಸುವ ಹೊತ್ತನ್ನು ಅದಲುಬದಲು ಮಾಡಿ, ಹಗಲನ್ನೇ ರಾತ್ರಿ ಎಂದು ನಂಬಿಸಿದ್ದರು.

"ಇದರಲ್ಲಿ ಎರಡು ಥರದ ಗಂಡುಗಳಿವೆ," ಎಂದಳು ಅಕ್ಕ. "ಬೆನ್ನ ಮೇಲೆ ಬಿಳಿ ಚುಕ್ಕೆ ಹಾಕಿರೋವು, ಹಾಕದೇ ಇರೋವು."

"ಯಾಕೆ ಎರಡು ಥರ? ಒಂದು ಥರ ಸಾಲದಾ?" ಇನ್ಸ್‌ಪೆಕ್ಟರನ ಸಹನೆ ಆಗಲೇ ಅಂಚಿಗೆ ಬಂದಿತ್ತು.

"ಸಾಲಲ್ಲ. ಪತಂಗದ ಮೂಗು ಇರೋದು ಅದರ ಮೀಸೆಯಲ್ಲಿ. ಮೀಸೆ ತುಂಬ ಸಣ್ಣ ಸಣ್ಣ ಕೂದಲು, ಕೂದಲಿಗೆಲ್ಲ ತೂತು. ವಾಸನೆ ತೂತಿನಿಂದ ಒಳಗೆ ಹೋಗುತ್ತೆ. ಆದ್ರೆ ಒಳಗಿರೋದು ನೀರು. ವಾಸನೆ ಅನ್ನೋದು ಎಣ್ಣೆ ಜಾತಿದು, ನೀರಲ್ಲಿ ಬೆರೆಯಲ್ಲ. ನರದ ತುದಿ ಇರೋದು ಆ ದಡದಲ್ಲಿ. ದಾಟೋದು ಹೇಗೆ?"

"ನನ್ನ ಕೇಳ್ತೀಯಾ?"

"ಅದಕ್ಕೇ ಪ್ರೋಟೀನುಗಳಿವೆ. ವಾಸನೆಯನ್ನ ಮಡಿಲಲ್ಲಿ ಹಾಕ್ಕೊಂಡು ನೀರು ದಾಟಿಸಿ, ನರದ ಹತ್ರ ಇಳಿಸ್ತವೆ. ಹೂವು, ಎಲೆ, ಹಣ್ಣಿನ ವಾಸನೆ ದಾಟಿಸೋವು ಬೇರೆ. ಹೆಣ್ಣಿನ ವಾಸನೆ ದಾಟಿಸೋವು ಬೇರೆ."

"ಅಂದ್ರೆ ಮದುವೆ ದಲ್ಲಾಳಿ!" ಎಂದ ನೆಗಡಿ, ಕರ್ಚೀಫಿನ ಹಿಂದಿನಿಂದ.

"ಹಾಂ! ನೋಡು ಪುಟ್ಟಾ, ಇವರಿಗೆ ಎಷ್ಟು ಬೇಗ ಅರ್ಥ ಆಯ್ತು. ಬಿಳಿ ಚುಕ್ಕೆ ಇರೋವಕ್ಕೆ ಆ ದಲ್ಲಾಳಿ ಇಲ್ಲ. ಹುಟ್ಟುವಾಗಲೇ ಅದು ಇಲ್ಲದ ಹಾಗೆ ಮಾಡಿದ್ದೀವಿ. ಹೂವಿನ ವಾಸನೆ ಅವಕ್ಕೆ ಚೆನ್ನಾಗೇ ಗೊತ್ತಾಗುತ್ತೆ. ಹೆಣ್ಣಿನ ವಾಸನೆ ಮಾತ್ರ ಪಕ್ಕದಲ್ಲೇ ಇದ್ರೂ ತಲೆಗೆ ಹೋಗಲ್ಲ. ಪೂರ್ತಿ ಇಲ್ಲ ಅಂತಲ್ಲ, ತುಂಬಾ ಕಡಿಮೆ."

"ಸರಿ. ಬಿಡು ಅವನ್ನ."

"ಇನ್ನೊಂದು ವಿಷಯ—"

"ಅಕ್ಕಾ!"

"ಕೇಳೋ. ಆಮೇಲೆ ಕೋರ್ಟಲ್ಲಿ ನನ್ನನ್ನೇ ಕೇಳ್ತಾರೆ. ಹೆಣ್ಣು ಪತಂಗ ಸಾಕೋದು ಪಕ್ಕದ ಕಟ್ಟಡದಲ್ಲಿ. ಆ ಕಡೆ ನಾನು ಕಾಲಿಡಲ್ಲ. ಆ ಶೀಷೆಯನ್ನ ನಾನು ಕಣ್ಣಲ್ಲೂ ನೋಡಿಲ್ಲ. ಹೆಣ್ಣಿನ ವಾಸನೆ ಒಂದು ಚೂರು ನನಗೆ ಸೋಕಿದ್ರೂ ಗಂಡುಗಳು ನನ್ನ ಬೆನ್ನು ಹತ್ತುತ್ತವೆ, ಪ್ರಯೋಗ ಎಲ್ಲ ಹಾಳು. ಅದಕ್ಕೇ ಈ ವೇಷ."

"ಬರ್ಕೊಂಡೆ. ಬಿಡು."

*

ಮೊದಲು ಬಿಳಿ ಚುಕ್ಕೆಯವನ್ನು ಬಿಟ್ಟಳು. ಅವು ಪಂಜರದ ಬಾಯಲ್ಲಿ ಮೀಸೆ ಕುಣಿಸುತ್ತಾ ಕೊಂಚ ಹೊತ್ತು ಕುಳಿತವು. ಆಮೇಲೆ ಒಂದೊಂದಾಗಿ ಗಾಳಿಗೆ ಎದುರಾಗಿ ಹಾರಿ, ನೇರ ಹೋಗಿ ಕೋಟಿನ ಕಾಲರಿನ ಮೇಲೆ ಇಳಿದವು. ಇಳಿದವು ಸುರುಳಿ ಸುತ್ತಿದ ಸೊಂಡಿಲು ಬಿಚ್ಚಿ ಬಟ್ಟೆಯನ್ನು ತಡಕತೊಡಗಿದವು.

ಅತ್ತರು ಚಪ್ಪಾಳೆ ತಟ್ಟುವುದೊಂದು ಬಾಕಿ.

"ನೋಡಿದ್ರಾ ಸರ್? ಮೇಡಂ ಈಗಷ್ಟೇ ಹೇಳಿದ್ರು. ಬಿಳಿ ಚುಕ್ಕೆಯವಕ್ಕೆ ಹೂವಿನ ವಾಸನೆ ಮಾತ್ರ ಗೊತ್ತಾಗೋದು. ನಾನು ಹಾಕೋದು ಅಸಲಿ ಹೂವಿನ ಅತ್ತರು! ಮಕರಂದ ಹುಡುಕ್ತಿವೆ, ಪಾಪ. ಕೋಟು ಕೊಡಿ, ನಾನು ಹೊರಡ್ತೀನಿ."

ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದ. ಒಂದು ವಾರದ ಹೋರಾಟ, ಲಿಖಿತ ಆದೇಶ, ಮೇಲಧಿಕಾರಿಯ ಬೈಗುಳ ಎಲ್ಲ ಸೇರಿ ಕೊನೆಗೆ ಇವನು ಅಸಲಿ ಅತ್ತರು ಕೊಳ್ಳುತ್ತಾನೆಂದು ರುಜುವಾಯಿತು.

"ಸಾರ್, ನನಗಂತೂ ಏನೂ ವಾಸನೆ ಬರ್ತಿಲ್ಲ," ಎಂದ ನೆಗಡಿ.

"ನೀನು ಬಾಯಿ ಮುಚ್ಚು!"

ಅಕ್ಕ ಎರಡನೆಯ ಪಂಜರದ ಮೇಲೆ ಕೈಯಿಟ್ಟಳು, ತೆರೆಯಲಿಲ್ಲ.

"ಸಾಕಲ್ವಾ ಪುಟ್ಟಾ? ಫಲಿತಾಂಶ ಬಂತಲ್ಲ."

"ಅರ್ಧ ಬಂತು. ಅದನ್ನೂ ಬಿಡು."

"ಸುಮ್ನೆ ಅವಕ್ಕೂ ಆಯಾಸ—"

"ಬಿಡು ಅಂದೆ!"

ಅವನು ಅಕ್ಕನ ಮೇಲೆ ದನಿಯೇರಿಸಿದ್ದು ಎಷ್ಟೋ ವರ್ಷಗಳ ಮೇಲೆ. ಅವಳು ಪಂಜರದ ಬಾಗಿಲು ಸರಿಸಿದಳು.

ಚುಕ್ಕೆಯಿಲ್ಲದ ಗಂಡುಗಳು ಕಾಯಲಿಲ್ಲ. ಹೊರಬಿದ್ದ ಕ್ಷಣವೇ ಅವುಗಳ ರೆಕ್ಕೆ ನಡುಗತೊಡಗಿತು. ಆ ಕಡೆ ಈ ಕಡೆ ಓಲಾಡುತ್ತಾ, ದಾರಿ ತಪ್ಪಿ, ಮತ್ತೆ ಹಿಡಿದು, ಗಾಳಿಯ ಗೆರೆಯನ್ನು ಹೊಲಿಯುವ ಹಾಗೆ ಹಾರಿ ಬಂದವು. ಒಂದೆರಡು ಕಾಲರಿನತ್ತ ಹೋದವು, ನಿಜ. ಉಳಿದ ಹಿಂಡಿಗೆ ಹಿಂಡೇ ಕೋಟಿನ ಎಡತೋಳಿಗೆ, ಮಣಿಕಟ್ಟಿನ ಹತ್ತಿರ, ಮುತ್ತಿಕೊಂಡಿತು. ಯಾವುದೂ ಸೊಂಡಿಲು ಚಾಚಲಿಲ್ಲ. ರೆಕ್ಕೆ ಬಡಿಯುತ್ತಾ, ಬಾಲದ ತುದಿಯನ್ನು ಕೊಕ್ಕೆಯ ಹಾಗೆ ಬಾಗಿಸಿ, ಇಲ್ಲದ ಹೆಣ್ಣಿಗಾಗಿ ಒಂದರ ಮೇಲೊಂದು ಬಿದ್ದು ಗುದ್ದಾಡಿದವು.

ಎಡತೋಳಿನ ಮೇಲೆ ಬಿಳಿ ಚುಕ್ಕೆಯದು ಒಂದೂ ಇರಲಿಲ್ಲ.

ಇದನ್ನು ಓದಲು ಯಾವ ವಿಜ್ಞಾನವೂ ಬೇಕಿರಲಿಲ್ಲ. ಇನ್ಸ್‌ಪೆಕ್ಟರ್ ನಿಧಾನಕ್ಕೆ ಅತ್ತರಿನ ಕಡೆ ತಿರುಗಿದ.

"ಕಾಲರಲ್ಲಿ ಹೂವು, ಒಪ್ಪಿದೆ. ತೋಳಲ್ಲಿ ಏನು ಸ್ವಾಮಿ?"

"ಅದು... ಅಲ್ಲಿ ಜಾಸ್ತಿ ಹಾಕಿರ್ತೀನಿ."

"ಹಾಗಾದ್ರೆ ಚುಕ್ಕೆಯವೂ ಬರ್ಬೇಕಿತ್ತಲ್ಲ. ಅವಕ್ಕೇನು ನಿಮ್ಮ ತೋಳಿನ ಮೇಲೆ ಮುನಿಸಾ?"

"ಹುಳಗಳ ಮಾತು ಕೇಳಿ ನನ್ನನ್ನ—"

"ರಜೆ ದಿನ ಮಧ್ಯಾಹ್ನ ಎಲ್ಲಿದ್ರಿ?"

"ಹೇಳಿದ್ದೀನಲ್ಲ! ಮನೇಲಿ ಮಲಗಿದ್ದೆ."

"ಶೀಷೆ ಅವತ್ತೇ ಬೆಳಗ್ಗೆ ಬಂದಿದ್ದು. ತೆರೆದಿದ್ದು ನಿರ್ದೇಶಕರು. ಒಡೆದಿದ್ದು ಅವರು ಬಿದ್ದಾಗ. ಅದರ ಹನಿ ನಿಮ್ಮ ತೋಳಿಗೆ ಮನೇಲಿ ಮಲಗಿದ್ದಾಗ ಬಂತಾ? ಕನಸಲ್ಲಿ ಬಂತಾ?"

"ಅದು ನನ್ನ ಕೋಟೇ ಅಲ್ಲ!"

"ಈಗಷ್ಟೇ ಚಳಿ ಆಗ್ತಿದೆ, ಕೋಟು ಕೊಡಿ ಅಂದ್ರಲ್ಲ! ಯಾಕ್ರೀ ಹೀಗೆ ತಲೆ ತಿಂತೀರಾ ಎಲ್ಲರೂ ಸೇರ್ಕೊಂಡು? ಒಬ್ಬರಾದ್ರೂ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಬಾರದಾ?"

ಅತ್ತರು ಯಾರೂ ಎಣಿಸದ ಕೆಲಸ ಮಾಡಿದ. ಒಂದೇ ನೆಗೆತಕ್ಕೆ ಪೆಟ್ಟಿಗೆಯ ಬಳಿ ಹೋಗಿ, ಗಾಜಿನ ಕದ ಎಳೆದು ಕೋಟಿಗೆ ಕೈ ಹಾಕಿದ. ಕದ ಕಳಚಿಕೊಂಡಿತು, ಫ್ಯಾನು ಉರುಳಿ ನಿಂತುಹೋಯಿತು. ಪತಂಗಗಳೆಲ್ಲ ಪುರ್ರನೆ ಎದ್ದು ಕೋಣೆ ತುಂಬ ಹರಡಿಕೊಂಡವು. ನೆಗಡಿ ಮಾತ್ರ ಆ ಹೊತ್ತಿನಲ್ಲಿ ಸೀನುವುದನ್ನು ಬಿಟ್ಟು ತನ್ನ ಸಂಬಳಕ್ಕೆ ತಕ್ಕ ಕೆಲಸ ಮಾಡಿದ. ಅತ್ತರಿನ ನಡು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದ.

"ನಾನು ಹೊಡೆದಿಲ್ಲ!" ಅತ್ತರಿನ ದನಿ ಒಡೆಯಿತು. "ಹೋಗಿದ್ದೆ, ನಿಜ. ಹಿಂದಿನ ದಿನದ ಜಗಳಕ್ಕೆ ಕ್ಷಮೆ ಕೇಳೋಣ ಅಂತ ಹೋದೆ. ನಾನು ಹೋಗೋ ಹೊತ್ತಿಗೆ ಅವರು ಬಿದ್ದಿದ್ರು. ಬಗ್ಗಿ ನಾಡಿ ನೋಡಿದೆ. ನೆಲ ಎಲ್ಲ ಒದ್ದೆ. ತೋಳು ನೆನೀತು."

"ಯಾರಿಗಾದ್ರೂ ಹೇಳೋಕೇನಾಗಿತ್ತು?"

"ಯಾರು ನಂಬ್ತಿದ್ರು? ಜಗಳ ಆಡಿದ್ದನ್ನ ಇಡೀ ಕಚೇರಿ ಕೇಳಿತ್ತು. ಓಡಿಹೋದೆ ಸರ್. ಹೇಡಿ ಅನ್ನಿ, ಒಪ್ಕೋತೀನಿ. ಕಾವಲುಗಾರ ಆಮೇಲೆ ನೋಡಿ ಕೂಗಿಕೊಂಡ, ಅವನನ್ನ ಹಿಡ್ಕೊಂಡು ಹೋದ್ರಿ. ಆವತ್ತಿಂದ ನನಗೆ ಊಟ ಸೇರಿಲ್ಲ."

ಇನ್ಸ್‌ಪೆಕ್ಟರ್ ಅವನ ಮುಖವನ್ನೇ ನೋಡಿದ. ಸುಳ್ಳು ಹೇಳುವವರನ್ನು ನೋಡಿ ನೋಡಿ ಅವನ ಕಣ್ಣು ಪಳಗಿತ್ತು. ಹಾಳಾದ್ದು, ಈ ಮನುಷ್ಯ ಈಗ ನಿಜ ಹೇಳುತ್ತಿದ್ದ.

"ಇನ್ನೇನು ನೋಡಿದ್ರಿ? ಯೋಚಿಸಿ ಹೇಳಿ."

"ಒಂದು ವಿಷಯ ತಲೆ ಕೊರೀತಾ ಇದೆ ಸರ್. ಅವರ ತಲೆ ಕೆಳಗೆ ಒಂದು ಟವೆಲ್ಲಿತ್ತು. ಮಡಿಸಿ, ದಿಂಬಿನ ಹಾಗೆ ಇಟ್ಟಿದ್ರು. ಹೊಡೆದವರು ಯಾರಾದ್ರೂ ತಲೆಗೆ ದಿಂಬು ಇಟ್ಟು ಹೋಗ್ತಾರಾ?"

ಇನ್ಸ್‌ಪೆಕ್ಟರ್ ನೆಗಡಿಯ ಕಡೆ ನೋಡಿದ. ಸ್ಥಳಕ್ಕೆ ಮೊದಲು ಹೋದವನು ಅವನೇ.

"ಟವೆಲ್ಲು ಇರ್ಲಿಲ್ಲ ಸಾರ್," ಎಂದ ನೆಗಡಿ. "ತಲೆ ಬರೀ ನೆಲದ ಮೇಲಿತ್ತು. ನಾನೇ ನನ್ನ ಟೋಪಿ ಆಸರೆಗೆ ಕೊಟ್ಟೆ."

ಅಂದರೆ ಹೊಡೆದವರು ಒಬ್ಬರು. ತಲೆಗೆ ಆಸರೆ ಕೊಟ್ಟವರು ಇನ್ನೊಬ್ಬರು. ಅತ್ತರು ಓಡಿಹೋದ ಮೇಲೆ, ಪೊಲೀಸರು ಬರುವುದರೊಳಗೆ ಯಾರೋ ಆ ಟವೆಲ್ಲನ್ನು ಎಳೆದುಕೊಂಡು ಹೋಗಿದ್ದಾರೆ.

"ತಣ್ಣನೆ ಕೋಣೇಲಿ ಟವೆಲ್ಲು ಎಲ್ಲಿಂದ ಬರುತ್ತೆ?" ಎಂದಳು ಅಕ್ಕ, ಪಂಜರದ ಬಳಿಯಿಂದ, ತುಸು ಅವಸರವಾಗಿಯೇ. "ಗಾಬರೀಲಿ ಏನೋ ನೋಡಿದ್ದಾನೆ. ಮೊದಲು ನನ್ನ ಪತಂಗ ಹಿಡಿಯೋಕೆ ಬಿಡಿ."

ಅವಳು ಉದ್ದ ಹಿಡಿಯ ಬಲೆ ಎತ್ತಿ ಸೂರಿನ ಹತ್ತಿರ ಬೀಸಿದಳು. ಹಿಂದೆ ತಿರುಗುವಾಗ ಕಳಚಿದ ಕದದ ಮೊಳೆಗೆ ಅವಳ ಟೋಪಿ ಸಿಕ್ಕಿಕೊಂಡಿತು. ಎಳೆದ ರಭಸಕ್ಕೆ ಟೋಪಿ ಕಿತ್ತು ಬಂದು, ಕಟ್ಟಿದ್ದ ಕೂದಲು ಹೆಗಲ ಮೇಲೆ ಬಿಚ್ಚಿಕೊಂಡಿತು.

"ಥತ್!" ಎಂದು ಅವಳು ಟೋಪಿಗೆ ಕೈ ಚಾಚಿದಳು.

ಅಷ್ಟರಲ್ಲಿ ಒಂದು ಪತಂಗ ಸೂರಿನಿಂದ ಇಳಿದು ಬಂದು ಅವಳ ಕಿವಿಯ ಮೇಲ್ಗಡೆ, ಕೂದಲಿನಲ್ಲಿ ಕುಳಿತಿತು.

ದಾರಿ ತಪ್ಪಿ ಬಂದಿರಬೇಕು ಎಂದುಕೊಂಡು ಇನ್ಸ್‌ಪೆಕ್ಟರ್ ಅದನ್ನು ಓಡಿಸಲು ಹತ್ತಿರ ಹೋದ. ಬಗ್ಗಿ ನೋಡಿದ. ಬೆನ್ನ ಮೇಲೆ ಬಿಳಿ ಚುಕ್ಕೆ ಇರಲಿಲ್ಲ. ರೆಕ್ಕೆ ಬಿಡುವಿಲ್ಲದೆ ನಡುಗುತ್ತಿತ್ತು, ಬಾಲ ಕೊಕ್ಕೆಯಾಗಿತ್ತು. ಅವನು ನೋಡುತ್ತಿದ್ದಂತೆ ಎರಡನೆಯದು ಬಂತು. ಮೂರನೆಯದು ಅವಳ ಕತ್ತಿನ ಹತ್ತಿರ ಕೂದಲು ಹಿಡಿದು ಜೋತುಬಿತ್ತು.

ಫ್ಯಾನು, ಕೋಶ, ಎಳಸು ಗಂಡು, ಅವುಗಳ ಆಯಾಸ. ವಾರವಿಡೀ ಅವನ ನೆತ್ತಿ ಬಿಸಿ ಮಾಡಿದ್ದ ಒಂದೊಂದು ಸಬೂಬೂ ಈಗ ಬೇರೆಯೇ ಮುಖ ಹೊತ್ತು ಎದುರಿಗೆ ನಿಂತಿತು. ಕೋಪ ಬರಬೇಕಿತ್ತು. ಬರಲಿಲ್ಲ. ಅವನು ಬಾಗಿಲ ಕಡೆ ತಿರುಗಿದ.

"ನೆಗಡಿ, ಇವರನ್ನ ಕರ್ಕೊಂಡು ಆಚೆ ಹೋಗು. ಬಾಗಿಲು ಹಾಕು."

ಬಾಗಿಲು ಮುಚ್ಚಿತು. ಅಕ್ಕ ಮಾಸ್ಕು ಕೆಳಗಿಳಿಸಿದಳು. ಒಂದು ವಾರದಲ್ಲಿ ಅವಳ ಕೆನ್ನೆ ಎಷ್ಟು ಇಳಿದಿದೆ ಎಂಬುದನ್ನು ಅವನು ಈಗ ಗಮನಿಸಿದ.

"ಟವೆಲ್ಲು ನಂದೇ," ಎಂದಳು. "ಆಮೇಲೆ ಬಂದು ಎತ್ಕೊಂಡು ಹೋಗಿದ್ದೂ ನಾನೇ."

"ಸ್ಟೂಲು?"

"ನಾನಲ್ಲ ಕಣೋ. ಸದ್ದು ಕೇಳಿ ಓಡಿ ಬಂದೆ. ಅವರ ತಲೆ ಎತ್ತಿ ಹಿಡ್ಕೊಂಡಿದ್ದೆ, ಆ ಹಾಳು ನೀರು ಕೈಗೆ, ಕೈಯಿಂದ ಕೂದಲಿಗೆ ಹತ್ತಿತ್ತು. ಎಷ್ಟು ತೊಳೆದ್ರೂ ಹೋಗ್ಲಿಲ್ಲ. ಹೊಡೆದವನು ಇನ್ನೂ ಅಲ್ಲೇ ನಿಂತಿದ್ದ. ನನ್ನನ್ನ ನೋಡಿ ಒಂದು ಮಾತು ಹೇಳಿದ. ಆ ಮಾತು ಕೇಳಿ ನಾನು ಬಾಯಿ ಬಿಡ್ಲಿಲ್ಲ."

"ಯಾರು? ಏನಂದ?"

"ನಿನ್ನ ವಿಷಯ. ಬಾಯಿ ಬಿಟ್ರೆ ನಿನ್ನ ತಮ್ಮ ಉಳಿಯಲ್ಲ ಅಂದ."

"ನನ್ನ ವಿಷಯಾನಾ?"

ಬಾಗಿಲು ಧಡಾರನೆ ತೆರೆಯಿತು. ನೆಗಡಿ ಏದುಸಿರು ಬಿಡುತ್ತಾ ನಿಂತಿದ್ದ.

"ಸಾರ್, ಆಸ್ಪತ್ರೆಯಿಂದ ಫೋನು. ನಿರ್ದೇಶಕರು ಕೈಬೆರಳು ಆಡಿಸ್ತಿದ್ದಾರಂತೆ. ಇನ್ನೇನು ಎಚ್ಚರ ಆಗುತ್ತೆ ಅಂದ್ರಂತೆ ಡಾಕ್ಟ್ರು."

"ಪಕ್ಕದಲ್ಲಿ ಯಾರಿದ್ದಾರೆ?" ಕೇಳಿದ್ದು ಅಕ್ಕ. ದನಿ ಅವಳದೆನಿಸಲಿಲ್ಲ.

"ಅವರ ಒಡಹುಟ್ಟಿದ ತಮ್ಮ ಮೇಡಂ. ಪಾಪ, ವಾರದಿಂದ ಹಾಸಿಗೆ ಬಿಟ್ಟು ಕದಲಿಲ್ಲ. ನಮ್ಮ ಪೇದೆಯನ್ನೂ, ನೀನು ಊಟ ಮಾಡ್ಕೊಂಡು ಬಾ, ನಾನು ನೋಡ್ಕೋತೀನಿ ಅಂತ ಕಳಿಸಿ, ಒಳಗಿಂದ ಚಿಲಕ ಹಾಕ್ಕೊಂಡಿದ್ದಾರಂತೆ."

ಅಕ್ಕ ಇನ್ಸ್‌ಪೆಕ್ಟರನ ತೋಳು ಹಿಡಿದಳು. ಅವನನ್ನು ಬಾಗಿಲಿನತ್ತ ತಳ್ಳಿದಳು.

"ಓಡು," ಎಂದಳು. "ಚಿಲಕ ಮುರಿ!"